ಎಲೆಕ್ಟ್ರಾನಿಕ್ ಡ್ರಮ್ ಮನೆಗೆ ಬಂತು, ಕೈ ಮತ್ತು ಲಯ ಪಳಗಿಸುವುದು ಹೇಗೆ?

ಜೂನ್ ಹಿಡಿಯಿತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳಲ್ಲಿ ಎಲ್ಲರೂ ಮನೆಯೊಳಗೇ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ. ಆರ್ಕೆಸ್ಟ್ರಾದವರಿಗೆ ಚೌತಿಯವರೆಗೆ ಬಿಡುವು. ಬಾರಿಸಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ಮಾಮೂಲಿ ಡ್ರಮ್ ಸೆಟ್ಟಿನ ಸದ್ದು ಸಲೀಸಾಗಿ 100 ಡೆಸಿಬೆಲ್ ದಾಟುತ್ತದೆ. ಒಂದೇ ಗೋಡೆಯ ಆಚೆ ಇರುವವರು ಎಷ್ಟು ದಿನ ಸಹಿಸಿಯಾರು? ಹಾಗಾಗಿ ಈಚೆಗೆ ಹಲವು ಮನೆಗಳ ಜಗಲಿಗೆ, ಮಾಳಿಗೆಗೆ ಎಲೆಕ್ಟ್ರಾನಿಕ್ ಕಿಟ್ ಬಂದು ಕೂತಿದೆ. ಅದರ ಹಿಂದೆಯೇ ಪ್ರಶ್ನೆಗಳೂ ಬಂದಿವೆ: ಇದು ಆಟಿಕೆಯೋ, ವಾದ್ಯವೋ? ಇದರಲ್ಲಿ ಕಲಿತದ್ದು ನಿಜವಾದ ಡ್ರಮ್‌ಗೆ ಬಂದೀತೇ?

ಬರುತ್ತದೆ. ಆದರೆ ಕಿಟ್ ಯಾವುದನ್ನು ಅಳೆದು ತೋರಿಸುತ್ತದೆ, ಯಾವುದನ್ನು ಮುಚ್ಚಿಡುತ್ತದೆ ಎಂಬುದು ಗೊತ್ತಿರಬೇಕು.

ಪ್ಯಾಡ್‌ನೊಳಗೆ ಏನಿದೆ?

ಅಡುಗೆಮನೆಯ ಗ್ಯಾಸ್ ಲೈಟರ್ ನೆನಪಿಸಿಕೊಳ್ಳಿ. ಟಕ್ ಎಂದು ಒತ್ತಿದರೆ ಕಿಡಿ. ಅದರೊಳಗೆ ಪೀಜೋ ಎಂಬ ಹರಳಿನಂಥ ವಸ್ತು ಇರುತ್ತದೆ, ಪೆಟ್ಟು ಬಿದ್ದಾಗ ಅದು ವಿದ್ಯುತ್ ಹುಟ್ಟಿಸುತ್ತದೆ. ಡ್ರಮ್ ಪ್ಯಾಡ್‌ನ ಅಡಿಯಲ್ಲಿ ಅಂಟಿಸಿರುವ ತೆಳು ಬಿಲ್ಲೆಯೂ ಅದೇ ಜಾತಿಯದು. ಕೋಲು ಬಿದ್ದೊಡನೆ ಸಣ್ಣ ವಿದ್ಯುತ್ ಅಲೆ ಏಳುತ್ತದೆ, ತಂತಿಯಲ್ಲಿ ಮಾಡ್ಯೂಲ್‌ಗೆ, ಅಂದರೆ ಕಿಟ್‌ನ ಮಿದುಳಿನಂಥ ಡಬ್ಬಿಗೆ, ಹೋಗುತ್ತದೆ. ಮಾಡ್ಯೂಲ್ ಆ ಅಲೆಯ ಎತ್ತರ ನೋಡಿ ಪೆಟ್ಟಿಗೆ 1ರಿಂದ 127ರವರೆಗೆ ಒಂದು ಅಂಕ ಕೊಡುತ್ತದೆ, ಆ ಅಂಕಕ್ಕೆ ತಕ್ಕ ಧ್ವನಿಯನ್ನು ಹೆಡ್‌ಫೋನ್‌ಗೆ ಕಳಿಸುತ್ತದೆ. ಈ ಅಂಕ ಕೊಡುವ ಪದ್ಧತಿ 1983ರಿಂದ ಬಳಕೆಯಲ್ಲಿರುವ ಮಿಡಿ ಎಂಬ ಒಪ್ಪಂದದ್ದು. ಆದ್ದರಿಂದಲೇ ಯಾವ ಕಂಪನಿಯ ಕಿಟ್ ಆದರೂ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರ್ ಜೊತೆ ಮಾತಾಡುತ್ತದೆ.

ಪ್ಯಾಡ್‌ಗಳಲ್ಲಿ ಎರಡು ಬಗೆ. ರಬ್ಬರ್ ಹೊದಿಕೆಯದು ಅಗ್ಗ, ಬಾಳಿಕೆಯದು, ಆದರೆ ಪೆಟ್ಟಿಗೆ ಟಪಟಪ ಎನ್ನುತ್ತದೆ. ಬಲೆಯ ಹೊದಿಕೆಯದು ಮೆತ್ತಗೆ, ಸದ್ದು ಕಡಿಮೆ. 1980ರ ದಶಕದ ಆರು ಮೂಲೆಯ ಪ್ಯಾಡ್‌ಗಳು ಗಟ್ಟಿ ಪ್ಲಾಸ್ಟಿಕ್‌ನವು, ಬಾರಿಸುವವರ ಮಣಿಕಟ್ಟು ಹಿಡಿಯುತ್ತಿತ್ತು. 1997ರಲ್ಲಿ ರೋಲ್ಯಾಂಡ್ ಕಂಪನಿ ಬಲೆ ಹೊದಿಕೆಯ ಕಿಟ್ ತಂದ ಮೇಲೆ ಆ ಗೋಳು ತಗ್ಗಿತು. ಬಲೆಯದಾದರೆ ಕೋಲಿನ ತುದಿ ಮೇಲೆ ಕಣ್ಣಿರಲಿ. ಮರದ ತುದಿ ಸಿಬಿರೆದ್ದಿದ್ದರೆ ಬಲೆ ಹರಿಯುತ್ತದೆ. ನೈಲಾನ್ ತುದಿಯ 5ಎ ಅಳತೆಯ ಕೋಲು, ಅಂದರೆ ಸುಮಾರು 40 ಸೆಂಟಿಮೀಟರ್ ಉದ್ದ, 14 ಮಿಲಿಮೀಟರ್ ದಪ್ಪದ್ದು, ಕಲಿಯುವವರಿಗೆ ಸಾಕು.

ಮೊದಲು ನೆಲ, ಆಮೇಲೆ ಕೈ

ಹೆಡ್‌ಫೋನ್ ಹಾಕಿಕೊಂಡವರಿಗೆ ಗೊತ್ತಾಗದ ಸದ್ದೊಂದಿದೆ. ಕಾಲಿನ ಪೆಡಲ್ ಕಿಕ್ ಪ್ಯಾಡ್‌ಗೆ ಬಡಿದಾಗ ಧಬ್ ಧಬ್ ಎಂಬ ಪೆಟ್ಟು ನೆಲಕ್ಕಿಳಿಯುತ್ತದೆ. ಹಲಗೆ ಹಾಸಿದ ಹಳೆಯ ಮಾಳಿಗೆಯಾದರಂತೂ ಕೆಳಗಿನ ಕೋಣೆಯಲ್ಲಿ ಮಲಗಿದವರ ಎದೆಗೇ ಬಡಿದ ಹಾಗೆ. ಕಾಂಕ್ರೀಟ್ ತಾರಸಿಯೂ ಅದನ್ನು ಪೂರ್ತಿ ನುಂಗುವುದಿಲ್ಲ. ಬರೀ ಜಮಖಾನ ಹಾಸಿದರೆ ಕಿಟ್ ಜಾರದು ಅಷ್ಟೆ, ಕಂಪನ ಇಳಿಯುವುದು ನಿಲ್ಲದು.

ಕಡಿಮೆ ಖರ್ಚಿನ ಉಪಾಯ ಟೆನಿಸ್ ಚೆಂಡಿನ ಹಲಗೆ. 18 ಮಿಲಿಮೀಟರ್ ದಪ್ಪದ ಎರಡು ಪ್ಲೈವುಡ್ ಹಾಳೆ ಬೇಕು, ಕಿಟ್ ಮತ್ತು ಕೂರುವ ಸ್ಟೂಲ್ ಎರಡೂ ಕೂರುವಷ್ಟು ಅಗಲದವು. ಕೆಳಗಿನ ಹಾಳೆಯಲ್ಲಿ ಅಡಿಗೊಂದರಂತೆ 4 ಸೆಂಟಿಮೀಟರ್ ಅಗಲದ ತೂತು ಕೊರೆದು ಚೆಂಡು ಕೂರಿಸಿ. ಮೇಲಿನ ಹಾಳೆಯಲ್ಲೂ ಅದೇ ಜಾಗದಲ್ಲಿ ತೂತು. ಚೆಂಡಿನ ಅಡ್ಡಳತೆ ಆರೂವರೆ ಸೆಂಟಿಮೀಟರ್‌ಗಿಂತ ತುಸು ಹೆಚ್ಚಾದ್ದರಿಂದ ತೂತಿನಲ್ಲಿ ತುಸುವೇ ಇಳಿದು ನಿಲ್ಲುತ್ತದೆ. ಮೇಲಿನ ಹಾಳೆ ಗೋಡೆಗೆ ತಾಗಬಾರದು. ತಾಗಿದರೆ ಕಂಪನ ಆ ದಾರಿ ಹಿಡಿದು ಹೋಗುತ್ತದೆ, ಪಟ್ಟ ಪಾಡೆಲ್ಲ ಹೊಳೆಗೆ. ಕೆಲವು ತಿಂಗಳಿಗೆ ಪೆಡಲ್ ಕೆಳಗಿನ ಚೆಂಡು ಮೊದಲು ಅಪ್ಪಚ್ಚಿಯಾಗುತ್ತದೆ, ಅದನ್ನಷ್ಟೇ ಬದಲಿಸಿ.

ಮಾಡ್ಯೂಲ್‌ನಲ್ಲಿ ತಿದ್ದಬೇಕಾದ ನಾಲ್ಕು ಸಂಗತಿ

ಕಿಟ್ ಬಂದ ದಿನವೇ ಇವನ್ನು ನೋಡಬೇಕು. ಬಿಟ್ಟರೆ ತಪ್ಪು ಕೈಯದೋ ಯಂತ್ರದ್ದೋ ಎಂದು ತಿಳಿಯದೆ ತಿಂಗಳುಗಟ್ಟಲೆ ಒದ್ದಾಟ.

ಥ್ರೆಶೋಲ್ಡ್ ಎಂದರೆ ಹೊಸ್ತಿಲು. ಅಂಗಳದ ನೀರು ಹೊಸ್ತಿಲಿನ ಎತ್ತರ ದಾಟಿದರೆ ಮಾತ್ರ ಒಳಗೆ. ಪೆಟ್ಟಿಗೂ ಹಾಗೆಯೇ. ಹೊಸ್ತಿಲು ಎತ್ತರವಾದರೆ ಮೆಲ್ಲಗಿನ ಪೆಟ್ಟುಗಳು ಕೇಳಿಸುವುದೇ ಇಲ್ಲ, ತೀರ ತಗ್ಗಿದ್ದರೆ ಪಕ್ಕದ ಅಲುಗಾಟಕ್ಕೂ ಪ್ಯಾಡ್ ಕೂಗುತ್ತದೆ. ಕೋಲನ್ನು 2 ಸೆಂಟಿಮೀಟರ್ ಎತ್ತರದಿಂದ ಬಿಟ್ಟಾಗ ಸದ್ದು ಬರುವಷ್ಟಕ್ಕೆ ಇಳಿಸಿ.

ಸೆನ್ಸಿಟಿವಿಟಿ ಎಂದರೆ ಯಾವ ಜೋರಿಗೆ 127 ಮುಟ್ಟಬೇಕು ಎಂಬುದು. ಹೊಸ ಕಿಟ್‌ನಲ್ಲಿ ಇದು ಹೆಚ್ಚಿದ್ದರೆ ಸಾಧಾರಣ ಪೆಟ್ಟಿಗೇ ಗರಿಷ್ಠ ಸದ್ದು ಬರುತ್ತದೆ. ಕೇಳಲು ಭರ್ಜರಿ, ಕಲಿಕೆಗೆ ಮಾರಕ. ಏಕೆಂದರೆ ಎಡ, ಬಲ ಪೆಟ್ಟುಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಪೂರ್ತಿ ಬೀಸಿ ಹೊಡೆದಾಗ ಮಾತ್ರ 127 ಬರುವಂತೆ ತಗ್ಗಿಸಿ.

ಕ್ರಾಸ್‌ಟಾಕ್ ಎಂದರೆ ಒಂದಕ್ಕೆ ಹೊಡೆದರೆ ಇನ್ನೊಂದು ಸದ್ದು ಮಾಡುವುದು. ಹೆದ್ದಾರಿಯಲ್ಲಿ ಲಾರಿ ಹೋದರೆ ಅಡುಗೆಮನೆಯ ಲೋಟಗಳು ಗಿಲಗಿಲ ಎಂದ ಹಾಗೆ. ಎಲ್ಲ ಪ್ಯಾಡ್‌ಗಳೂ ಒಂದೇ ಕಬ್ಬಿಣದ ಚೌಕಟ್ಟಿಗೆ ಕಟ್ಟಿರುವುದರಿಂದ ಹೀಗಾಗುತ್ತದೆ. ಮೊದಲು ಚೌಕಟ್ಟಿನ ಸಡಿಲ ಕೀಲು ಬಿಗಿ ಮಾಡಿ, ಆಮೇಲೆ ಮಾಡ್ಯೂಲ್ ಮುಟ್ಟಿ.

ನಾಲ್ಕನೆಯದು ರೀಟ್ರಿಗರ್. ಒಮ್ಮೆ ಹೊಡೆದರೆ ‘ಟಪ್’ ಬದಲು ‘ಟ್ರಪ್’ ಎಂದು ಎರಡು ಸಲ ಕೇಳಿಸುತ್ತದೆ. ಬಲೆ ಸಡಿಲವಾಗಿ ಜೋಲಾಡುವುದು ಇದಕ್ಕೆ ಮುಖ್ಯ ಕಾರಣ. ಎದುರುಬದುರು ಬೋಲ್ಟ್‌ಗಳನ್ನು ಅರ್ಧರ್ಧ ಸುತ್ತು ಬಿಗಿಸುತ್ತ ಹೋದರೆ ಸರಿಯಾಗುತ್ತದೆ. ಹಾಗೆ ಮಾಡದೆ ಮಾಸ್ಕ್ ಟೈಮ್ ಎಂಬ ಅಂಕವನ್ನು ಏರಿಸಿ ಸುಮ್ಮನಾಗುವವರಿದ್ದಾರೆ. ಮಾಸ್ಕ್ ಟೈಮ್ ಎಂದರೆ ಒಂದು ಪೆಟ್ಟಿನ ನಂತರ ಇಷ್ಟು ಹೊತ್ತು ಕಿವಿ ಮುಚ್ಚಿಕೋ ಎಂದು ಪ್ಯಾಡ್‌ಗೆ ಹೇಳುವುದು. ಅದನ್ನು 30-40 ಮಿಲಿಸೆಕೆಂಡ್‌ಗೆ ಏರಿಸಿದರೆ ಫ್ಲ್ಯಾಮ್‌ನ, ಅಂದರೆ ಬೆನ್ನಿಗೇ ಬೀಳುವ ಜೋಡಿ ಪೆಟ್ಟಿನ, ಒಂದು ಪೆಟ್ಟನ್ನೇ ಪ್ಯಾಡ್ ನುಂಗಿಬಿಡುತ್ತದೆ. ಕಲಿಯುವವರು ತಮ್ಮ ಕೈಯನ್ನೇ ದೂರುತ್ತ ಕೂರುತ್ತಾರೆ.

ಬ್ಲೂಟೂತ್ ಏಕೆ ಬೇಡ?

ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ್ದೀರಲ್ಲ. ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ತಂತಿಯ ಹೆಡ್‌ಫೋನ್‌ನಲ್ಲಿ ಪೆಟ್ಟಿಗೂ ಧ್ವನಿಗೂ ನಡುವಿನ ಅಂತರ ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಒಳಗೇ ಇರುತ್ತದೆ, ಮೂರು ಮೀಟರ್ ದೂರದ ಡ್ರಮ್ ಕೇಳಿದಂತೆ. ಕೈಗೆ ತಿಳಿಯುವುದಿಲ್ಲ. ಮಾಮೂಲಿ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಅದು 150ರಿಂದ 200 ಮಿಲಿಸೆಕೆಂಡ್ ಆಗುವುದುಂಟು. 100ರ ವೇಗದಲ್ಲಿ, ಅಂದರೆ ನಿಮಿಷಕ್ಕೆ 100 ಮಾತ್ರೆಯಲ್ಲಿ, ಪ್ರತಿ ಮಾತ್ರೆಗೆ ನಾಲ್ಕು ಪೆಟ್ಟು ಬಾರಿಸಿದರೆ ಪೆಟ್ಟಿನಿಂದ ಪೆಟ್ಟಿಗೆ 150 ಮಿಲಿಸೆಕೆಂಡ್. ಅಂದರೆ ಈ ಪೆಟ್ಟಿನ ಧ್ವನಿ ಮುಂದಿನ ಪೆಟ್ಟಿನ ಹೊತ್ತಿಗೆ ಬರುತ್ತದೆ! ತಂತಿಯದೇ, ಕಿವಿ ಪೂರ್ತಿ ಮುಚ್ಚುವಂಥದ್ದೇ ಕೊಳ್ಳಿ. ಕಿವಿ ಮುಚ್ಚಿದಷ್ಟೂ ವಾಲ್ಯೂಮ್ ಕಡಿಮೆ ಸಾಕಾಗುತ್ತದೆ. ತೆಗೆದ ಮೇಲೆ ಕಿವಿ ಗುಂಯ್ ಎನ್ನುತ್ತಿದ್ದರೆ ಹೆಚ್ಚಾಯಿತೆಂದೇ ಅರ್ಥ.

ರೂಡಿಮೆಂಟ್ ಅಂದರೆ ವರಸೆ

ಸಂಗೀತ ಪಾಠಕ್ಕೆ ಹೋದ ಮಕ್ಕಳಿಗೆ ಸರಳೆ ವರಸೆ, ಜಂಟಿ ವರಸೆ ಗೊತ್ತು. ಡ್ರಮ್‌ನ ರೂಡಿಮೆಂಟ್‌ಗಳು ಅದೇ ಜಾಗದಲ್ಲಿ ನಿಲ್ಲುತ್ತವೆ: ಯಾವ ಕೈ, ಎಷ್ಟು ಸಲ, ಯಾವ ಕ್ರಮದಲ್ಲಿ ಎಂಬ ಸಣ್ಣ ಪಾಠಗಳು. ಇವು ಪಾಶ್ಚಾತ್ಯ ಸೈನ್ಯದ ಡೋಲು ಬಾರಿಸುವವರಿಂದ ಬಂದವು. ಅಮೆರಿಕದ ಡ್ರಮ್ ವಾದಕರ ಸಂಘವೊಂದು 1933ರಲ್ಲಿ ಮುಖ್ಯವಾದ 13ನ್ನು ಆರಿಸಿತು, ಅದು ಮುಂದೆ 26 ಆಯಿತು. 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿ 40ರ ಪಟ್ಟಿ ಮಾಡಿತು. ಹೆದರಬೇಡಿ. ಮೊದಲ ವರ್ಷಕ್ಕೆ ನಾಲ್ಕು ಸಾಕು, ಉಳಿದ ಬಹುಪಾಲು ಇವುಗಳದೇ ಜೋಡಣೆ. ಕೆಳಗೆ ಬಲಗೈಗೆ ‘ಬ’, ಎಡಗೈಗೆ ‘ಎ’.

ಸಿಂಗಲ್ ಸ್ಟ್ರೋಕ್: ಬ ಎ ಬ ಎ. ಇದು ನಮ್ಮ ಸರಳೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬರದು ಏಳುವಾಗ ಇನ್ನೊಬ್ಬರದು ಬೀಳಬೇಕಲ್ಲ, ಹಾಗೆ. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಎಡಗೈ ಕೋಲು ಬಲಗೈಯದರಷ್ಟು ಮೇಲೇಳುವುದಿಲ್ಲ. ಎತ್ತರ ಕಡಿಮೆಯಾದರೆ ಪೆಟ್ಟು ಸಣ್ಣದಾಗುತ್ತದೆ, ಬೇಗ ಬೀಳುತ್ತದೆ. ಕನ್ನಡಿ ಎದುರಿಟ್ಟು ಎರಡೂ ಕೋಲಿನ ತುದಿ 15 ಸೆಂಟಿಮೀಟರ್‌ವರೆಗೆ ಏಳುತ್ತಿದೆಯೇ ನೋಡಿ.

ಡಬಲ್ ಸ್ಟ್ರೋಕ್: ಬ ಬ ಎ ಎ. ಇದು ಜಂಟಿ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಬೀಸಿದರೆ ಮೊದಲ ಜಿಗಿತಕ್ಕಿಂತ ಎರಡನೆಯದು ಚಿಕ್ಕದು. ಕೋಲೂ ಹಾಗೆಯೇ, ಎರಡನೆಯ ಪೆಟ್ಟು ತಾನಾಗಿ ಸೊರಗುತ್ತದೆ. ಬಿದ್ದ ಕೋಲು ಪುಟಿದು ಏಳುವಾಗ ಹಿಂದಿನ ಮೂರು ಬೆರಳು ಅದನ್ನು ಅಂಗೈಯತ್ತ ಎಳೆದರೆ ಎರಡನೆಯ ಪೆಟ್ಟಿಗೆ ಮರಳಿ ಜೀವ ಬರುತ್ತದೆ. ನಿಧಾನದಲ್ಲಿ ಎರಡನ್ನೂ ಮಣಿಕಟ್ಟಿನಿಂದಲೇ ಹೊಡೆಯಿರಿ. ವೇಗ ಏರಿದಂತೆ ಬೆರಳು ಕೆಲಸ ಹಿಡಿಯುತ್ತದೆ.

ಪ್ಯಾರಾಡಿಡಲ್: ಬ ಎ ಬ ಬ, ಎ ಬ ಎ ಎ. ಒಂದು ಸರಳೆ, ಒಂದು ಜಂಟಿ. ನಾಲ್ಕು ಪೆಟ್ಟಿಗೊಮ್ಮೆ ಮುಂದಾಳು ಕೈ ಬದಲಾಗುತ್ತದೆ, ಇದರ ಇಡೀ ಪ್ರಯೋಜನ ಅಲ್ಲೇ ಇದೆ. ಮೊದಲ ಪೆಟ್ಟು ಎತ್ತರದಿಂದ, ಉಳಿದ ಮೂರು 3 ಸೆಂಟಿಮೀಟರ್‌ನಿಂದ. ‘ತಕಧಿಮಿ’ಯ ‘ತ’ ಒತ್ತಿ ಹೇಳಿದ ಹಾಗೆ. ಎಲ್ಲವನ್ನೂ ಒಂದೇ ಎತ್ತರದಿಂದ ಹೊಡೆದರೆ ಅದು ಪ್ಯಾರಾಡಿಡಲ್ ಎಂದು ಕೇಳುವವರಿಗೆ ತಿಳಿಯುವುದೇ ಇಲ್ಲ.

ಫ್ಲ್ಯಾಮ್: ಎರಡೂ ಕೋಲು ಒಟ್ಟಿಗೆ ಇಳಿಯುತ್ತವೆ, ಆದರೆ ಒಂದು 3 ಸೆಂಟಿಮೀಟರ್ ಎತ್ತರದಿಂದ, ಇನ್ನೊಂದು 20ರಿಂದ. ಕೆಳಗಿದ್ದದ್ದು ಮೊದಲು ತಾಗುವುದರಿಂದ ‘ಟ್‌ಟಾ’ ಎಂದು ಕೇಳುತ್ತದೆ. ಅಂತರವನ್ನು ಎತ್ತರವೇ ನೋಡಿಕೊಳ್ಳುತ್ತದೆ, ಬೇಕೆಂದೇ ಹಿಂದುಮುಂದು ಹೊಡೆಯಲು ಹೋದರೆ ಕೆಡುತ್ತದೆ.

ಯಕ್ಷಗಾನದ ತಾಳ ಕಿವಿಯಲ್ಲಿರುವವರಿಗೆ ಒಂದು ಹೆಚ್ಚಿನ ಪಾಠ. ತ್ರಿವುಡೆಯ ಏಳು ಅಕ್ಷರವನ್ನು ‘ತಕಿಟ ತಕಧಿಮಿ’ ಎಂದು ಹೇಳುತ್ತ, ಬ ಎ ಎ, ಬ ಎ ಬ ಬ ಬಾರಿಸಿ. ಮುಂದಿನ ಆವರ್ತ ತಾನಾಗಿ ಎಡಗೈಗೆ ಹೋಗುತ್ತದೆ: ಎ ಬ ಬ, ಎ ಬ ಎ ಎ. ನಲವತ್ತರ ಪಟ್ಟಿಯಲ್ಲಿ ಇದು ಸಿಗದು, ಕೈಗೆ ಮಾತ್ರ ಬಹಳ ಒಳ್ಳೆಯದು.

ವೇಗ ಏರಿಸುವ ಲೆಕ್ಕ ಹೀಗೆ. ಕ್ಲಿಕ್ ಕ್ಲಿಕ್ ಎಂದು ಕಾಲ ಎಣಿಸುವ ಮೆಟ್ರೊನೋಮ್‌ನಲ್ಲಿ 60 ಎಂದರೆ ನಿಮಿಷಕ್ಕೆ 60 ಮಾತ್ರೆ, ಸೆಕೆಂಡಿಗೊಂದು. ಮಾತ್ರೆಗೆ ನಾಲ್ಕು ಪೆಟ್ಟಾದರೆ 250 ಮಿಲಿಸೆಕೆಂಡಿಗೊಂದು. ಇಲ್ಲಿಂದ ಶುರು. ನಾಲ್ಕು ಮಾತ್ರೆಯ ಆವರ್ತ 16 ಸಲ, ಅಂದರೆ ಒಂದು ನಿಮಿಷ 4 ಸೆಕೆಂಡ್, ತಪ್ಪದೆ ಬಂದರೆ ಮಾತ್ರ 4 ಅಂಕ ಏರಿಸಿ. ಭುಜ ಮೇಲೇರಿತೋ, ಹೆಬ್ಬೆರಳ ಬುಡ ಬಿಗಿಯಿತೋ, ಅಲ್ಲೇ ನಿಲ್ಲಿಸಿ 8 ಅಂಕ ಇಳಿಸಿ. ಮುಂದೋಳು ಉರಿಯುತ್ತಿದ್ದರೂ ಬಾರಿಸುತ್ತ ಹೋದರೆ ಸ್ನಾಯು ಕಲಿಯುವುದು ಬಿಗಿತವನ್ನೇ.

ಲಯ: ಕ್ಲಿಕ್ ಇಲ್ಲದಾಗ ಉಳಿಯುವುದು

ಮೆಟ್ರೊನೋಮ್‌ನ ಕ್ಲಿಕ್ ಜೊತೆ ಸರಿಯಾಗಿ ಬಾರಿಸುತ್ತಾರೆ, ಕ್ಲಿಕ್ ನಿಲ್ಲಿಸಿದರೆ ಓಡುತ್ತಾರೆ. ಹೊಸಬರಲ್ಲಿ ಇದು ಸಾಮಾನ್ಯ. ಕ್ಲಿಕ್ಕನ್ನು ಅವರು ಹಿಡಿದುಕೊಂಡು ನಡೆಯುವ ಗೋಡೆ ಮಾಡಿಕೊಂಡಿರುತ್ತಾರೆ. ಹಾಗಾಗಿ ಅಭ್ಯಾಸದಲ್ಲಿ ಕ್ಲಿಕ್ಕನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತ ಹೋಗಬೇಕು.

ಮೊದಲ ಹಂತ ಏಣಿ. 60ಕ್ಕೆ ಇಟ್ಟು, ಎಡಗಾಲಲ್ಲಿ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯ ಪೆಡಲ್ ಪ್ರತಿ ಮಾತ್ರೆಗೆ ಒತ್ತುತ್ತ, ಬಾಯಲ್ಲಿ ಗಟ್ಟಿಯಾಗಿ ಹೇಳುತ್ತ ಬಾರಿಸಿ: ನಾಲ್ಕು ಆವರ್ತ ‘ತಾ’, ನಾಲ್ಕು ‘ತಕ’, ನಾಲ್ಕು ‘ತಕಿಟ’, ನಾಲ್ಕು ‘ತಕಧಿಮಿ’. ಆಮೇಲೆ ಅದೇ ಮೆಟ್ಟಿಲಲ್ಲಿ ಇಳಿಯಿರಿ. ಎಡವುವುದು ಮೂರನೆಯ ಮೆಟ್ಟಿಲಲ್ಲಿ. ‘ತಕಿಟ’ದ ಮೂರು ಅಕ್ಷರ ಸಮನಾಗಿ ಬರದೆ, ಕುದುರೆ ಓಟದಂತೆ ಎರಡು ಒಟ್ಟಾಗಿ ಒಂದು ಉದ್ದವಾಗುತ್ತದೆ. ಬಾಯಲ್ಲಿ ಸಮನಾಗಿ ಬರುವವರೆಗೆ ಕೋಲು ಮುಟ್ಟದಿರುವುದೇ ಮದ್ದು. ಬಾಯಿ ಹೇಳಲಾಗದ್ದನ್ನು ಕೈ ಬಾರಿಸದು ಎಂಬುದು ತಬಲಾ, ಮದ್ದಳೆ ಕಲಿತವರಿಗೆ ಹೊಸ ಮಾತೇನಲ್ಲ.

ಎರಡನೆಯದು ಬಿಟ್ಟುಬಿಟ್ಟು ಕೇಳುವುದು. ಕೆಲವು ಮಾಡ್ಯೂಲ್‌ಗಳಲ್ಲೇ, ಇಲ್ಲದಿದ್ದರೆ ಮೊಬೈಲ್‌ನ ಮೆಟ್ರೊನೋಮ್ ಆ್ಯಪ್‌ಗಳಲ್ಲಿ, ಎರಡು ಆವರ್ತ ಕ್ಲಿಕ್, ಎರಡು ಆವರ್ತ ಮೌನ ಎಂದು ಇಡಬಹುದು. ಮೌನ ಮುಗಿದು ಕ್ಲಿಕ್ ಮರಳಿದಾಗ ಅದು ನಿಮ್ಮ ಪೆಟ್ಟಿನ ನಂತರ ಬಂದರೆ ನೀವು ಓಡಿದ್ದೀರಿ, ಮೊದಲೇ ಬಂದಿದ್ದರೆ ಹಿಂದುಳಿದಿದ್ದೀರಿ. 80ರ ವೇಗದಲ್ಲಿ ಎರಡು ಆವರ್ತ, ಅಂದರೆ 8 ಮಾತ್ರೆ, 6 ಸೆಕೆಂಡ್. ಆ ಆರು ಸೆಕೆಂಡಿನಲ್ಲಿ 80ರ ಬದಲು 82ರ ವೇಗ ಹಿಡಿದರೂ ಸುಮಾರು 150 ಮಿಲಿಸೆಕೆಂಡ್ ಮುಂಚೆ ಬಂದು ನಿಂತಿರುತ್ತೀರಿ. ಇದು ಯಾರ ಕಿವಿಗಾದರೂ ಗೊತ್ತಾಗುವಷ್ಟು ದೊಡ್ಡ ತಪ್ಪು. ಎರಡು-ಎರಡು ಗಟ್ಟಿಯಾದ ಮೇಲೆ ಒಂದು ಆವರ್ತ ಕ್ಲಿಕ್, ಮೂರು ಮೌನ.

ಮೂರನೆಯದು ಅರ್ಧ ಕ್ಲಿಕ್. ಹಾಡು 90ರದ್ದಾದರೆ ಕ್ಲಿಕ್ಕನ್ನು 45ಕ್ಕೆ ಇಟ್ಟು, ಕೇಳಿಸಿದ್ದನ್ನು ಎರಡನೆಯ, ನಾಲ್ಕನೆಯ ಮಾತ್ರೆ ಎಂದು ಎಣಿಸಿ. ಸ್ನೇರ್, ಅಂದರೆ ಎದುರಿಗಿರುವ ಮುಖ್ಯ ಡ್ರಮ್, ಅದರ ಪೆಟ್ಟು ಕ್ಲಿಕ್ ಮೇಲೆ ಸರಿಯಾಗಿ ಕೂತರೆ ಕ್ಲಿಕ್ ಮುಚ್ಚಿಹೋದಂತೆ, ಕೇಳಿಸದಂತೆ ಆಗುತ್ತದೆ. ಆ ಮುಚ್ಚಿಹೋಗುವಿಕೆಯೇ ಗುರುತು.

ಲಯ ಹೆಚ್ಚಾಗಿ ಜಾರುವುದು ಫಿಲ್ ಹಾಕುವಾಗ, ಅಂದರೆ ತಾಳದ ನಡುವೆ ಟಾಮ್ ಎಂಬ ಉಳಿದ ಡ್ರಮ್‌ಗಳ ಮೇಲೆ ಓಡಾಡಿ ಬರುವಾಗ. ಮುಗಿಸಿ ‘ಒಂದಕ್ಕೆ’ ಬೀಳುವ ಆತುರ. ಮೂರು ಆವರ್ತ ತಾಳ, ಒಂದು ಆವರ್ತ ಫಿಲ್ ಎಂದು ಕಟ್ಟಿಕೊಂಡು, ಫಿಲ್ ಹೊತ್ತಿಗೆ ಕ್ಲಿಕ್ ಮೌನವಾಗುವಂತೆ ಇಟ್ಟು ನೋಡಿ. ಮೆಲ್ಲಗೆ ಬಾರಿಸುವಾಗ ತೊಂದರೆ ತಿರುಗಾಮುರುಗಾ: ವೇಗ ಕುಸಿಯುತ್ತದೆ.

ಯುಎಸ್‌ಬಿ ಮೂಲಕ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಪ್ರತಿ ಪೆಟ್ಟೂ ಮಾತ್ರೆಯ ಗೆರೆಗಿಂತ ಮುಂದೋ ಹಿಂದೋ, ಅದರ ಅಂಕ ಎಷ್ಟು. ಸಿಂಗಲ್ ಸ್ಟ್ರೋಕ್‌ನಲ್ಲಿ 95, 70, 96, 72 ಎಂದು ಬರುತ್ತಿದ್ದರೆ ಎಡಗೈಗೆ ಕೆಲಸ ಬಾಕಿ. ಕ್ವಾಂಟೈಸ್ ಎಂಬ ಆಯ್ಕೆ ಆಫ್ ಇರಲಿ. ಅದು ತಪ್ಪು ಪೆಟ್ಟನ್ನು ಗೆರೆಗೆ ಎಳೆದು ಕೂರಿಸಿ ಸುಳ್ಳು ಹೇಳುತ್ತದೆ.

ಇಲ್ಲೊಂದು ಮಾತು. ಈ ಅಳತೆ ಯಕ್ಷಗಾನದ ಹಿಮ್ಮೇಳಕ್ಕೆ ಹಾಗೇ ಹೊಂದುವುದಿಲ್ಲ. ಅಲ್ಲಿ ಭಾಗವತರು ಸನ್ನಿವೇಶ ನೋಡಿ ಕಾಲ ಏರಿಸುತ್ತಾರೆ, ಇಳಿಸುತ್ತಾರೆ, ಚಂಡೆ ಮದ್ದಳೆಯವರು ಅವರ ಜೊತೆ ಹೋಗುತ್ತಾರೆ. ಚಂಡೆ ಕಲಿಯುವ ಹುಡುಗರಿಗೆ ಎಡಬಲ ಸಮ ಮಾಡಿಕೊಳ್ಳಲು ಕ್ಲಿಕ್ ನೆರವಾದೀತು. ಆಟಕ್ಕೆ ಬೇಕಾದ ಕಿವಿ ಬೇರೆಯದೇ.

ತೇವ, ಉಪ್ಪುಗಾಳಿ, ಕರೆಂಟು

ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಕಡಲ ಗಾಳಿಯ ಉಪ್ಪು ಜಾಕ್‌ಗಳ ಲೋಹದ ಮೇಲೆ ಕೂತು ತುಕ್ಕು ಕಟ್ಟುತ್ತದೆ. ಒಂದು ಪ್ಯಾಡ್ ಒಮ್ಮೆ ಕೇಳಿಸಿ ಒಮ್ಮೆ ಕೇಳಿಸದಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಕಿಟ್ ಆಫ್ ಮಾಡಿ, ಜಾಕ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಮಾಡ್ಯೂಲ್‌ಗೆ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ, ತೇವ ಒಳಗೇ ಉಳಿಯುತ್ತದೆ. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಜೊತೆಗೆ ಪ್ಲಸ್-ಮೈನಸ್ ಗುರುತಿನ ಚಿತ್ರವನ್ನೂ ಹೋಲಿಸಿ. ಗುರುತು ಉಲ್ಟಾ ಇದ್ದರೆ ಮಾಡ್ಯೂಲ್ ಸುಟ್ಟೇ ಹೋದೀತು. ಅಗ್ಗದ ಇನ್ವರ್ಟರ್ ಮೇಲೆ ಹೆಡ್‌ಫೋನ್‌ನಲ್ಲಿ ಗುಂಯ್ ಎಂದರೆ ಅದು ಕಿಟ್‌ನ ದೋಷವಲ್ಲ. ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡಿ.

ಕಿಟ್ ಮುಚ್ಚಿಡುವುದು ಯಾವುದನ್ನು?

ಬಲೆಯ ಪ್ಯಾಡ್ ಕೋಲನ್ನು ಬೇಕಾದ್ದಕ್ಕಿಂತ ಹೆಚ್ಚು ಪುಟಿಸುತ್ತದೆ. ಮನೆಯಲ್ಲಿ 110ರಲ್ಲಿ ಸಲೀಸಾಗಿ ಬಂದ ಡಬಲ್ ಸ್ಟ್ರೋಕ್ ನಿಜವಾದ ಡ್ರಮ್‌ನ, ಅದರಲ್ಲೂ ಕೆಳಗಿನ ದೊಡ್ಡ ಟಾಮ್‌ನ, ಮೇಲೆ ಸತ್ತುಹೋಗುವುದು ಇದರಿಂದಲೇ. ವಾರಕ್ಕೆ ಎರಡು ದಿನ ಹತ್ತು ನಿಮಿಷ ದಿಂಬಿನ ಮೇಲೆ ಅದೇ ಪಾಠ ಮಾಡಿ. ದಿಂಬು ಪುಟಿಸುವುದಿಲ್ಲ, ಕೋಲನ್ನು ಬೆರಳು, ಮಣಿಕಟ್ಟುಗಳೇ ಎತ್ತಬೇಕು. ವೇಗ 60 ದಾಟಿಸಬೇಡಿ.

ಇನ್ನೊಂದು, ಧ್ವನಿಯ ಹದ. ಕಿಟ್‌ನಲ್ಲಿ ಸಿಂಬಲ್, ಅಂದರೆ ತಟ್ಟೆಯ ಸದ್ದು, ಹೆಚ್ಚಾದರೆ ಮಾಡ್ಯೂಲ್‌ನ ಗುಂಡಿ ತಿರುಗಿಸಿದರಾಯಿತು. ಚರ್ಚಿನ ಕ್ವಾಯರ್‌ನಲ್ಲೋ ಚೌತಿಯ ಪೆಂಡಾಲಿನಲ್ಲೋ ಆ ಗುಂಡಿ ಇರುವುದಿಲ್ಲ, ಸಿಂಬಲ್ ಹಾಡುವವರ ದನಿಯನ್ನೇ ಮುಳುಗಿಸುತ್ತದೆ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಎಲ್ಲ ಪ್ಯಾಡ್‌ಗಳ ವಾಲ್ಯೂಮ್ ಸಮ ಮಾಡಿ, ಸ್ನೇರ್ ಮತ್ತು ಕಿಕ್‌ಗಿಂತ ಹೈ-ಹ್ಯಾಟ್ ತಗ್ಗಿ ಕೇಳುವಂತೆ ಕೈಯಿಂದಲೇ ಬಾರಿಸಿ ರೂಢಿ ಮಾಡಿಕೊಳ್ಳಿ. ವೇದಿಕೆಯ ಸೆಟ್ಟಿನಲ್ಲಿ ಕೂತ ಕೂಡಲೇ ಮೊದಲ ಕೆಲಸ ಸ್ಟೂಲ್ ಮತ್ತು ಸ್ನೇರ್ ಎತ್ತರವನ್ನು ಮನೆಯ ಅಳತೆಗೆ ತರುವುದು. ಅದಕ್ಕೆ ಮನೆಯಲ್ಲೇ ಕೋಲನ್ನು ನೆಲದಿಂದ ನಿಲ್ಲಿಸಿ, ಎರಡರ ಎತ್ತರವನ್ನೂ ಅಳೆದು ಬರೆದಿಟ್ಟುಕೊಳ್ಳಿ. 40 ಸೆಂಟಿಮೀಟರ್ ಕೋಲಿಗಿಂತ ಮೇಲೆ ಉಳಿಯುವ ಎತ್ತರವನ್ನು ಬೆರಳಲ್ಲಿ ಎಣಿಸಿದರಾಯಿತು.